ಸರ್ವಾನುಮತದ ಮಸೂದೆ ಸುಪ್ರೀಂ ಕೋರ್ಟಿನಲ್ಲಿ ಎಡವಿದ್ದೇಕೆ: ಸ್ಕಾಟ್ಲೆಂಡ್‌ನ ಮಕ್ಕಳ ಹಕ್ಕುಗಳ ಕಾಯ್ದೆ, ಒಂದು ಪ್ರಕರಣ ಅಧ್ಯಯನ

2021ರ ಮಾರ್ಚ್ 16ರಂದು ಸ್ಕಾಟ್ಲೆಂಡ್‌ನ ಸಂಸತ್ತು ಒಂದು ಮಸೂದೆಗೆ ಸರ್ವಾನುಮತದ ಒಪ್ಪಿಗೆ ಕೊಟ್ಟಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಸ್ಕಾಟ್ಲೆಂಡ್‌ನ ಕೋರ್ಟುಗಳಲ್ಲಿ ನೇರವಾಗಿ ಜಾರಿ ಮಾಡಬಹುದಾದ ಕಾನೂನನ್ನಾಗಿ ಮಾಡುವ ಮಸೂದೆ ಅದು. ಯಾವ ಪಕ್ಷವೂ ವಿರೋಧಿಸಲಿಲ್ಲ. ಆದರೂ ಅದೇ ವರ್ಷದ ಅಕ್ಟೋಬರ್ 6ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದರ ನಾಲ್ಕು ಅಂಶಗಳು ಸ್ಕಾಟಿಷ್ ಸಂಸತ್ತಿನ ಶಾಸನಾಧಿಕಾರವನ್ನು ಮೀರಿವೆ ಎಂದು ತೀರ್ಪಿತ್ತಿತು. ಪೀಠದಲ್ಲಿದ್ದ ಐವರು ನ್ಯಾಯಮೂರ್ತಿಗಳದ್ದೂ ಒಂದೇ ಅಭಿಪ್ರಾಯ. ಮಸೂದೆ ರಿಪೇರಿಯಾಗಿ, ಮತ್ತೆ ಸದನಕ್ಕೆ ಬಂದು, ಕಾನೂನಾಗಿ ಜಾರಿಗೆ ಬಂದದ್ದು 2024ರ ಜುಲೈ 16ರಂದು.

ಈ ಜಗಳದಲ್ಲಿ ಮಕ್ಕಳ ಹಕ್ಕು ಬೇಡವೆಂದವರು ಯಾರೂ ಇರಲಿಲ್ಲ. ಒಡಂಬಡಿಕೆಯನ್ನು ಅಳವಡಿಸಿಕೊಳ್ಳುವ ನೀತಿಯೇ ತಪ್ಪೆಂದು ಲಂಡನ್ ಸರ್ಕಾರವೂ ವಾದಿಸಲಿಲ್ಲ. ತಕರಾರು ಇದ್ದದ್ದು ಒಂದೇ ವಿಷಯಕ್ಕೆ: ಒಡಂಬಡಿಕೆಯ ಅಳತೆಗೋಲನ್ನು ಯಾರು ಮಾಡಿದ ಕಾನೂನಿನ ಮೇಲೆ ಇಡಬಹುದು? ಅಂತರರಾಷ್ಟ್ರೀಯ ಒಪ್ಪಂದಕ್ಕೆ ದೇಶದೊಳಗೆ ಎಷ್ಟು ಬಲ ಇದೆ ಎಂಬ ಪ್ರಶ್ನೆಗೆ "ಇದೆ" ಅಥವಾ "ಇಲ್ಲ" ಎಂದು ಒಂದೇ ಮಾತಿನ ಉತ್ತರ ಸಿಗುವುದಿಲ್ಲ ಎಂಬುದನ್ನು ಇಷ್ಟು ಬಿಡಿಸಿ ತೋರಿಸುವ ಪ್ರಕರಣ ಇನ್ನೊಂದು ಸಿಗುವುದು ಕಷ್ಟ.

ಅನುಮೋದನೆಯಾಗಿದೆ, ಆದರೆ ಕಾನೂನಲ್ಲ

ಒಡಂಬಡಿಕೆಯನ್ನು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ್ದು 1989ರ ನವೆಂಬರ್ 20ರಂದು. ಜಾರಿಗೆ ಬಂದದ್ದು 1990ರ ಸೆಪ್ಟೆಂಬರ್ 2ರಂದು. ಒಟ್ಟು 54 ವಿಧಿಗಳು. 196 ದೇಶ–ಪ್ರದೇಶಗಳು ಇದಕ್ಕೆ ಬದ್ಧವಾಗಿವೆ. ಸಹಿ ಹಾಕಿಯೂ ಅನುಮೋದಿಸದೆ ಉಳಿದದ್ದು ಅಮೆರಿಕ. ಬ್ರಿಟನ್ 1990ರ ಏಪ್ರಿಲ್‌ನಲ್ಲಿ ಸಹಿ ಹಾಕಿ, 1991ರ ಡಿಸೆಂಬರ್ 16ರಂದು ಅನುಮೋದಿಸಿತು. ಅಲ್ಲಿಂದ ಮುಂದೆ ಬ್ರಿಟನ್ ಈ ಒಡಂಬಡಿಕೆಗೆ ಬದ್ಧ. ಆದರೆ ಆ ಬದ್ಧತೆ ಉಳಿದ ದೇಶಗಳ ಎದುರು, ಜಿನೀವಾದಲ್ಲಿ ಕೂರುವ ಮಕ್ಕಳ ಹಕ್ಕುಗಳ ಸಮಿತಿಯ ಎದುರು. ಗ್ಲಾಸ್ಗೊದ ಒಂದು ಮಗು ತನ್ನೂರಿನ ಕೋರ್ಟಿಗೆ ಹೋಗಿ "3ನೇ ವಿಧಿಯ ಪ್ರಕಾರ ನನ್ನ ಹಿತವನ್ನು ಮೊದಲು ನೋಡಬೇಕಿತ್ತು" ಎಂದು ದಾವೆ ಹೂಡಲು ಅಷ್ಟು ಸಾಲದು.

ಕಾರಣ ಸರಳವೇ. ಬ್ರಿಟನ್ನಿನಲ್ಲಿ ಒಪ್ಪಂದ ಮಾಡಿಕೊಳ್ಳುವುದು ಸರ್ಕಾರ, ರಾಜಮನೆತನದ ಹೆಸರಿನಲ್ಲಿ ಉಳಿದುಬಂದ ವಿಶೇಷಾಧಿಕಾರದಿಂದ. ಕಾನೂನು ಮಾಡುವುದು ಸಂಸತ್ತು. ಒಪ್ಪಂದವೇ ತಾನಾಗಿ ಕಾನೂನಾಗುವುದಾದರೆ, ಸರ್ಕಾರ ಸಂಸತ್ತನ್ನು ಕೇಳದೆಯೇ ಕಾನೂನು ಬದಲಿಸಿದಂತಾಗುತ್ತದೆ. 2010ರ ಸಂವಿಧಾನ ಸುಧಾರಣಾ ಕಾಯ್ದೆ ಬಂದ ಮೇಲೆ ಒಪ್ಪಂದವನ್ನು ಅನುಮೋದಿಸುವ ಮುನ್ನ 21 ಅಧಿವೇಶನ ದಿನಗಳ ಕಾಲ ಸಂಸತ್ತಿನ ಮುಂದಿಡಬೇಕು ಎಂಬ ನಿಯಮ ಬಂದಿದೆ. ಅದು ಅನುಮೋದನೆಗೆ ತಡೆಯೊಡ್ಡಲು ಸಂಸತ್ತಿಗೆ ಸಿಗುವ ಅವಕಾಶವೇ ಹೊರತು, ಒಪ್ಪಂದವನ್ನು ಕಾನೂನಾಗಿಸುವ ಕ್ರಮವಲ್ಲ. ಇವೆರಡನ್ನು ಒಂದೇ ಎಂದುಕೊಂಡು ವಾದ ಮಂಡಿಸಿದವರಿಗೆ ಮೊದಲ ವಿಚಾರಣೆಯಲ್ಲೇ ಪೆಟ್ಟು ಬೀಳುತ್ತದೆ.

ಪೆಟ್ಟು ಎಷ್ಟು ಬಲವಾಗಿ ಬೀಳಬಹುದು ಎಂಬುದಕ್ಕೆ 2015ರ ಮಾರ್ಚ್‌ನ ಒಂದು ತೀರ್ಪು ಸಾಕು. ಒಂದು ಕುಟುಂಬಕ್ಕೆ ಸಿಗುವ ಸರ್ಕಾರಿ ನೆರವಿನ ಮೊತ್ತಕ್ಕೆ ವಾರಕ್ಕೆ 500 ಪೌಂಡ್‌ಗಳ ಮಿತಿ ಹಾಕಿದ್ದನ್ನು ಒಂಟಿ ತಾಯಂದಿರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದರು. ಐವರು ನ್ಯಾಯಮೂರ್ತಿಗಳ ಪೈಕಿ ಮೂವರು, ಸರ್ಕಾರ ಒಡಂಬಡಿಕೆಯ 3ನೇ ವಿಧಿಯನ್ನು ಪಾಲಿಸಿಲ್ಲ ಎಂದರು. ಆದರೂ ಮೇಲ್ಮನವಿ 3–2ರಲ್ಲಿ ಬಿದ್ದುಹೋಯಿತು. ಆ ಮೂವರಲ್ಲಿ ಒಬ್ಬರು, ಅಳವಡಿಕೆಯಾಗದ ಒಡಂಬಡಿಕೆಯ ಉಲ್ಲಂಘನೆಗೂ ಕೋರ್ಟಿನ ಮುಂದಿದ್ದ ಲಿಂಗ ತಾರತಮ್ಯದ ಪ್ರಶ್ನೆಗೂ ಸಂಬಂಧವಿಲ್ಲ, ಆ ಉಲ್ಲಂಘನೆಗೆ ಉತ್ತರ ಕೊಡಬೇಕಾದದ್ದು ರಾಜಕೀಯ ಕಣ, ಕೋರ್ಟಲ್ಲ ಎಂದುಬಿಟ್ಟರು. 2021ರ ಜುಲೈ 9ರಂದು, ಎರಡು ಮಕ್ಕಳಿಗಷ್ಟೇ ನೆರವು ಎಂಬ ನಿಯಮದ ಪ್ರಕರಣದಲ್ಲಿ, ಅದೇ ಕೋರ್ಟ್ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿತು: ಅಳವಡಿಕೆಯಾಗದ ಒಪ್ಪಂದ ದೇಶದ ಕಾನೂನಿನ ಭಾಗವಲ್ಲ, ಅದನ್ನು ಬ್ರಿಟನ್ ಉಲ್ಲಂಘಿಸಿದೆಯೇ ಎಂದು ತೀರ್ಮಾನಿಸುವುದು ಇಲ್ಲಿನ ಕೋರ್ಟುಗಳ ಕೆಲಸವೇ ಅಲ್ಲ.

ಹಾಗೆಂದು ಅಳವಡಿಕೆಯಾಗದ ಒಡಂಬಡಿಕೆ ಬರೀ ಕಾಗದವೂ ಅಲ್ಲ. ಶಾಸನದ ಮಾತು ಎರಡು ಅರ್ಥಕ್ಕೆ ಎಡೆಮಾಡಿಕೊಟ್ಟರೆ, ದೇಶದ ಅಂತರರಾಷ್ಟ್ರೀಯ ಬದ್ಧತೆಗೆ ಹೊಂದುವ ಅರ್ಥವನ್ನು ಕೋರ್ಟ್ ಆಯ್ದುಕೊಳ್ಳುತ್ತದೆ. 1998ರ ಮಾನವ ಹಕ್ಕುಗಳ ಕಾಯ್ದೆಯ ಮೂಲಕ ದೇಶದೊಳಗೆ ಬಂದಿರುವ ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿಯನ್ನು, ಅಂದರೆ ಕುಟುಂಬ ಜೀವನದ ಹಕ್ಕನ್ನು, ಅರ್ಥೈಸುವಾಗ ಮಕ್ಕಳ ಒಡಂಬಡಿಕೆ ಒಳಬರುತ್ತದೆ. 2011ರಲ್ಲಿ ತಾಂಜಾನಿಯಾ ಮೂಲದ ತಾಯಿಯೊಬ್ಬರ ಗಡೀಪಾರು ಪ್ರಕರಣದಲ್ಲಿ ಮಕ್ಕಳ ಹಿತವೇ ಮುಖ್ಯ ಪರಿಗಣನೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಈ ಹಿಂಬಾಗಿಲಿನಿಂದಲೇ. ಮುಂಬಾಗಿಲು ತೆರೆಯಬೇಕಾದರೆ ಶಾಸನ ಬೇಕು. ನಾರ್ವೆ 2003ರಲ್ಲಿ ತನ್ನ ಮಾನವ ಹಕ್ಕುಗಳ ಕಾಯ್ದೆಗೆ ಈ ಒಡಂಬಡಿಕೆಯನ್ನು ಸೇರಿಸಿ, ಇತರ ಶಾಸನಗಳಿಗಿಂತ ಮೇಲಿನ ಸ್ಥಾನವನ್ನೂ ಕೊಟ್ಟಿತು. ಸ್ವೀಡನ್‌ನಲ್ಲಿ 2020ರ ಜನವರಿ 1ರಿಂದ ಅದು ಕಾನೂನು. ಅವೆರಡೂ ಸಾರ್ವಭೌಮ ದೇಶಗಳು. ತಮ್ಮ ಸಂಸತ್ತಿನ ಮೇಲೆ ಇನ್ನೊಂದು ಸಂಸತ್ತು ಇಲ್ಲ. ಸ್ಕಾಟ್ಲೆಂಡ್‌ನ ಪರಿಸ್ಥಿತಿ ಹಾಗಿರಲಿಲ್ಲ.

ಮಸೂದೆಯೊಳಗೆ ಏನಿತ್ತು

ಸ್ಕಾಟಿಷ್ ಸಂಸತ್ತು ಹುಟ್ಟಿದ್ದೇ ಬ್ರಿಟನ್ ಸಂಸತ್ತಿನ 1998ರ ಸ್ಕಾಟ್ಲೆಂಡ್ ಕಾಯ್ದೆಯಿಂದ. ಅಂತರರಾಷ್ಟ್ರೀಯ ಸಂಬಂಧಗಳು ಲಂಡನ್ ತನ್ನ ಬಳಿಯೇ ಇಟ್ಟುಕೊಂಡ ವಿಷಯ. ಒಪ್ಪಂದಕ್ಕೆ ಸಹಿ ಹಾಕುವುದು ಎಡಿನ್‌ಬರೊದ, ಅಂದರೆ ಸ್ಕಾಟ್ಲೆಂಡ್‌ನ ರಾಜಧಾನಿಯಲ್ಲಿರುವ ಸಂಸತ್ತು–ಸರ್ಕಾರದ, ಕೈಯಲ್ಲಿಲ್ಲ. ಆದರೆ ಆ ಕಾಯ್ದೆಯ 5ನೇ ಅನುಸೂಚಿಯಲ್ಲಿ ಒಂದು ವಿನಾಯಿತಿ ಇದೆ: ಅಂತರರಾಷ್ಟ್ರೀಯ ಬದ್ಧತೆಗಳನ್ನು ಪಾಲಿಸುವುದು ಮತ್ತು ಅನುಷ್ಠಾನಕ್ಕೆ ತರುವುದು ಮೀಸಲು ವಿಷಯವಲ್ಲ. ಶಿಕ್ಷಣ, ಆರೋಗ್ಯ, ಸಮಾಜಸೇವೆ, ಬಾಲನ್ಯಾಯ ಇವೆಲ್ಲ ಹೇಗೂ ಎಡಿನ್‌ಬರೊಗೆ ಬಿಟ್ಟುಕೊಟ್ಟ ಕ್ಷೇತ್ರಗಳು. ಹೀಗಾಗಿ ಒಡಂಬಡಿಕೆಯನ್ನು ಅಳವಡಿಸುವ ಅಧಿಕಾರ ತಾತ್ವಿಕವಾಗಿ ಇತ್ತು, ಸುಪ್ರೀಂ ಕೋರ್ಟೂ ಅದನ್ನು ಅಲ್ಲಗಳೆಯಲಿಲ್ಲ.

ಇದಕ್ಕೂ ಮುಂಚೆ ಸ್ಕಾಟ್ಲೆಂಡ್‌ನಲ್ಲಿ ಇದ್ದದ್ದು 2014ರ ಮಕ್ಕಳ ಕಾಯ್ದೆ. ಒಡಂಬಡಿಕೆಯನ್ನು ಇನ್ನಷ್ಟು ಚೆನ್ನಾಗಿ ಜಾರಿ ಮಾಡಲು ಯಾವ ಕ್ರಮ ಕೈಗೊಳ್ಳಬಹುದು ಎಂಬುದನ್ನು ಮಂತ್ರಿಗಳು ಪರಿಶೀಲಿಸುತ್ತಿರಬೇಕು ಎಂಬಷ್ಟಕ್ಕೇ ಅದು ನಿಂತಿತ್ತು. ಪರಿಶೀಲಿಸಿದೆವು ಎಂದು ಕಡತದಲ್ಲಿ ಬರೆದಿಟ್ಟರೆ ಕರ್ತವ್ಯ ಮುಗಿಯಿತು. ವೇಲ್ಸ್‌ನ 2011ರ ಶಾಸನ ಇದಕ್ಕಿಂತ ಗಟ್ಟಿ, ಮಂತ್ರಿಗಳು ಒಡಂಬಡಿಕೆಗೆ "ಸೂಕ್ತ ಗಮನ" ಕೊಡಲೇಬೇಕು. ಆದರೂ ಅದು ಮಂತ್ರಿಗಳ ಮೇಲಿನ ಕರ್ತವ್ಯ, ಮಗುವಿನ ಕೈಗೆ ಕೊಟ್ಟ ಹಕ್ಕಲ್ಲ.

2020ರ ಸೆಪ್ಟೆಂಬರ್ 1ರಂದು ಮಂಡನೆಯಾದ ಮಸೂದೆ ಬೇರೆಯೇ ಜಾತಿಯದು. ಮೊದಲಿಗೆ, ಒಡಂಬಡಿಕೆಯ ಪಠ್ಯವನ್ನೂ ಅದರ ಮೊದಲ ಎರಡು ಐಚ್ಛಿಕ ಪ್ರೋಟೊಕಾಲ್‌ಗಳನ್ನೂ, ಅಂದರೆ ದೇಶಗಳು ಬೇಕಿದ್ದರೆ ಸೇರಬಹುದಾದ ಪೂರಕ ಒಪ್ಪಂದಗಳನ್ನೂ (ಒಂದು ಸಶಸ್ತ್ರ ಸಂಘರ್ಷದಲ್ಲಿ ಮಕ್ಕಳು; ಇನ್ನೊಂದು ಮಕ್ಕಳ ಮಾರಾಟ, ವೇಶ್ಯಾವಾಟಿಕೆ ಮತ್ತು ಅಶ್ಲೀಲ ಚಿತ್ರಣ) ಅನುಸೂಚಿಯಲ್ಲಿ ಅಚ್ಚು ಹಾಕಲಾಯಿತು. ಪೂರ್ತಿಯಾಗಿ ಅಲ್ಲ, ಎಡಿನ್‌ಬರೊದ ಅಧಿಕಾರಕ್ಕೆ ಸೇರದ ಮಾತುಗಳನ್ನು ಕತ್ತರಿಸಿ. ಹಾಗಾಗಿ ಸ್ಕಾಟ್ಲೆಂಡ್‌ನಲ್ಲಿ ವಾದಿಸುವವರು ಜಿನೀವಾದ ಮೂಲ ಪಠ್ಯ ಹಿಡಿದು ಹೋಗುವಂತಿಲ್ಲ; ಅನುಸೂಚಿಯಲ್ಲಿ ಏನು ಉಳಿದಿದೆಯೋ ಅದೇ "ಒಡಂಬಡಿಕೆಯ ಅಗತ್ಯಗಳು".

ಆ ಪಠ್ಯಕ್ಕೆ ಬಲ ತುಂಬಲು ನಾಲ್ಕು ಸೆಕ್ಷನ್‌ಗಳಿದ್ದವು. 6ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಪ್ರಾಧಿಕಾರವೊಂದು ಒಡಂಬಡಿಕೆಗೆ ವಿರುದ್ಧವಾಗಿ ನಡೆದುಕೊಂಡರೆ ಅದು ಕಾನೂನುಬಾಹಿರ. 19ನೇ ಸೆಕ್ಷನ್ ಪ್ರಕಾರ ಕೋರ್ಟುಗಳು ಶಾಸನಗಳನ್ನು ಸಾಧ್ಯವಿದ್ದಷ್ಟೂ ಒಡಂಬಡಿಕೆಗೆ ಹೊಂದುವಂತೆ ಓದಬೇಕು. 20ನೇ ಸೆಕ್ಷನ್ ಪ್ರಕಾರ, ಹಾಗೆ ಓದಲು ಆಗದ ಹಳೆಯ ಶಾಸನವನ್ನು ಮೇಲಿನ ಕೋರ್ಟ್ ಅಸಿಂಧು ಎಂದು ಘೋಷಿಸಬಹುದು. 21ನೇ ಸೆಕ್ಷನ್ ಪ್ರಕಾರ, ಮುಂದೆ ಬರುವ ಶಾಸನವಾದರೆ ಅಸಿಂಧುಗೊಳಿಸದೆ, ಅದು ಒಡಂಬಡಿಕೆಗೆ ಹೊಂದುವುದಿಲ್ಲ ಎಂದಷ್ಟೇ ಘೋಷಿಸಬಹುದು.

ಸಮಸ್ಯೆ ಇದ್ದದ್ದು "ಶಾಸನ" ಎಂಬುದರ ವ್ಯಾಪ್ತಿಯಲ್ಲಿ. ಸ್ಕಾಟಿಷ್ ಸಂಸತ್ತಿನ ಕಾಯ್ದೆಗಳ ಜೊತೆಗೆ, ಬಿಟ್ಟುಕೊಟ್ಟ ಕ್ಷೇತ್ರಗಳಿಗೆ ಸಂಬಂಧಿಸಿದ ಬ್ರಿಟನ್ ಸಂಸತ್ತಿನ ಕಾಯ್ದೆಗಳೂ ಅದರಲ್ಲಿ ಸೇರಿದ್ದವು. ಇದು ಕಣ್ತಪ್ಪಿನಿಂದ ಆದದ್ದಲ್ಲ. ಸ್ಕಾಟ್ಲೆಂಡ್‌ನ ಮಕ್ಕಳ ಬದುಕನ್ನು ಆಳುವ ಕಾಯ್ದೆಗಳಲ್ಲಿ ಬಹುಪಾಲು ಮುಖ್ಯವಾದವು 1999ರಲ್ಲಿ ಎಡಿನ್‌ಬರೊ ಸಂಸತ್ತು ಶುರುವಾಗುವ ಮುಂಚಿನವು, ಲಂಡನ್ನಿನಲ್ಲಿ ಆದವು: 1980ರ ಶಿಕ್ಷಣ ಕಾಯ್ದೆ, 1995ರ ಮಕ್ಕಳ ಕಾಯ್ದೆ, 1995ರ ಅಪರಾಧ ಪ್ರಕ್ರಿಯೆ ಕಾಯ್ದೆ. ಅವುಗಳನ್ನು ಹೊರಗಿಟ್ಟರೆ ಒಡಂಬಡಿಕೆ ಅರ್ಧ ಮನೆಗಷ್ಟೇ ಬಂದಂತೆ ಎಂಬುದು ಮಸೂದೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಕೋರ್ಟಿನ ಲೆಕ್ಕ

ಸ್ಕಾಟ್ಲೆಂಡ್ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ, ಮಸೂದೆ ಅಂಗೀಕಾರವಾದ ನಾಲ್ಕು ವಾರಗಳೊಳಗೆ ಬ್ರಿಟನ್ ಸರ್ಕಾರದ ಕಾನೂನು ಅಧಿಕಾರಿಗಳು ಅದನ್ನು ಸುಪ್ರೀಂ ಕೋರ್ಟಿಗೆ ಒಪ್ಪಿಸಬಹುದು. ಅಲ್ಲಿಯವರೆಗೆ ರಾಜಾಂಕಿತಕ್ಕೆ ಕಳಿಸುವಂತಿಲ್ಲ. ಏಪ್ರಿಲ್ 12ರಂದು, ಗಡುವು ಮುಗಿಯುವ ಅಂಚಿನಲ್ಲಿ, ಅಟಾರ್ನಿ ಜನರಲ್ ಮತ್ತು ಸ್ಕಾಟ್ಲೆಂಡ್ ವಿಷಯಗಳ ಅಡ್ವೊಕೇಟ್ ಜನರಲ್ ಹಾಗೆ ಮಾಡಿದರು. ಜೂನ್ ಕೊನೆಯಲ್ಲಿ ವಿಚಾರಣೆ. ಮುಖ್ಯ ತೀರ್ಪು ಕೋರ್ಟಿನ ಅಧ್ಯಕ್ಷ ಲಾರ್ಡ್ ರೀಡ್ ಅವರದು. ಅವರೂ ಸ್ಕಾಟ್ಲೆಂಡ್‌ನವರೇ.

ಇಡೀ ಪ್ರಕರಣ ನಿಂತದ್ದು ಸ್ಕಾಟ್ಲೆಂಡ್ ಕಾಯ್ದೆಯ ಒಂದು ಸಾಲಿನ ಮೇಲೆ. 28ನೇ ಸೆಕ್ಷನ್‌ನ 7ನೇ ಉಪ ಸೆಕ್ಷನ್: ಈ ಸೆಕ್ಷನ್‌ನಿಂದಾಗಿ ಸ್ಕಾಟ್ಲೆಂಡ್‌ಗೆ ಕಾನೂನು ಮಾಡುವ ಬ್ರಿಟನ್ ಸಂಸತ್ತಿನ ಅಧಿಕಾರಕ್ಕೆ ಧಕ್ಕೆಯಿಲ್ಲ. ಈ ಸಾಲನ್ನು ಸ್ಕಾಟಿಷ್ ಸಂಸತ್ತು ಮಾರ್ಪಡಿಸುವಂತಿಲ್ಲ, 4ನೇ ಅನುಸೂಚಿ ಅದಕ್ಕೆ ರಕ್ಷಣೆ ಕೊಟ್ಟಿದೆ. ಮಾರ್ಪಡಿಸುವುದೆಂದರೆ ಅಕ್ಷರ ತಿದ್ದುವುದೇ ಆಗಬೇಕಿಲ್ಲ. ಅದರ ಪರಿಣಾಮವನ್ನು ಕುಗ್ಗಿಸಿದರೂ ಮಾರ್ಪಡಿಸಿದಂತೆಯೇ. ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಹೊತ್ತಿನ ಸ್ಕಾಟಿಷ್ ಮಸೂದೆಯೊಂದರ ಬಗ್ಗೆ 2018ರ ಡಿಸೆಂಬರ್‌ನಲ್ಲೇ ಇದೇ ಕೋರ್ಟ್ ಈ ಮಾತು ಹೇಳಿತ್ತು. ಅಂದರೆ 2020ರಲ್ಲಿ ಮಸೂದೆ ಬರೆಯುವಾಗ ಎಚ್ಚರಿಕೆಯ ಫಲಕ ಕಣ್ಣೆದುರೇ ಇತ್ತು.

ಸ್ಕಾಟಿಷ್ ಸರ್ಕಾರದ ವಾದ ಕೇಳಲು ಗಟ್ಟಿಯಾಗಿಯೇ ಇದೆ. ಬಿಟ್ಟುಕೊಟ್ಟ ಕ್ಷೇತ್ರದಲ್ಲಿ ಬ್ರಿಟನ್ ಸಂಸತ್ತಿನ ಕಾಯ್ದೆಯನ್ನು ತಿದ್ದಲು, ರದ್ದು ಮಾಡಲು ನಮಗೆ ಈಗಾಗಲೇ ಅಧಿಕಾರವಿದೆ. ನಾವೇ ಮಾಡಬಹುದಾದದ್ದನ್ನು ಕೋರ್ಟಿನ ಮೂಲಕ ಮಾಡಿಸಿದರೆ ತಪ್ಪೇನು? ಕೋರ್ಟ್ ಇಲ್ಲಿ ಗೆರೆ ಎಳೆಯಿತು. ಸ್ಕಾಟಿಷ್ ಸಂಸತ್ತು ತಾನೇ ಕೂತು, ಇಂಥ ಕಾಯ್ದೆಯ ಇಂಥ ಮಾತನ್ನು ತೆಗೆಯುತ್ತೇವೆ ಎಂದು ಶಾಸನ ಮಾಡುವುದು ಒಂದು ಬಗೆ. ಬ್ರಿಟನ್ ಸಂಸತ್ತಿನ ಕಾಯ್ದೆಗಳನ್ನು ಒಡಂಬಡಿಕೆಯ ತಕ್ಕಡಿಗೆ ಹಾಕಿ, ಹಗುರವಾದವನ್ನು ತಳ್ಳಿಹಾಕುವ ಸಾಮಾನ್ಯ ಅಧಿಕಾರವನ್ನು ಕೋರ್ಟುಗಳಿಗೆ ವಹಿಸುವುದು ಇನ್ನೊಂದು ಬಗೆ. ಎರಡನೆಯದು ಆ ಸಂಸತ್ತು ಮಾಡಿದ ಕಾನೂನಿನ ಬಲಕ್ಕೇ ಷರತ್ತು ಹಾಕುತ್ತದೆ. 20ನೇ ಸೆಕ್ಷನ್‌ನ ಮಟ್ಟಿಗೆ ಇದು ಎದ್ದು ಕಾಣುವಂಥದ್ದು: ಬ್ರಿಟನ್ ಸಂಸತ್ತು ತನ್ನದೇ ಮಾನವ ಹಕ್ಕುಗಳ ಕಾಯ್ದೆಯಲ್ಲಿ ತನ್ನ ಕಾಯ್ದೆಗಳನ್ನು ಅಸಿಂಧುಗೊಳಿಸಲು ಕೋರ್ಟಿಗೆ ಬಿಟ್ಟಿಲ್ಲ, ಹೊಂದುವುದಿಲ್ಲ ಎಂದು ಘೋಷಿಸಲು ಮಾತ್ರ ಬಿಟ್ಟಿದೆ. ಆದರೆ ಬರೀ ಘೋಷಣೆಯ 21ನೇ ಸೆಕ್ಷನ್‌ಗೂ, ಬರೀ ಅರ್ಥೈಸುವಿಕೆಯ 19ನೇ ಸೆಕ್ಷನ್‌ಗೂ ಕೋರ್ಟ್ ರಿಯಾಯಿತಿ ಕೊಡಲಿಲ್ಲ. ಈ ಭಾಗ ಚರ್ಚೆಗೆ ಅರ್ಹ ಎಂದೇ ನಮ್ಮ ಅಭಿಪ್ರಾಯ. ಯಾವ ಕಾನೂನನ್ನೂ ಅಲುಗಿಸದ ಘೋಷಣೆಯೊಂದು ಕಾನೂನು ಮಾಡುವ ಅಧಿಕಾರಕ್ಕೆ ಹೇಗೆ ಧಕ್ಕೆ ತರುತ್ತದೆ ಎಂಬ ಪ್ರಶ್ನೆ ತೀರ್ಪು ಓದಿದ ಮೇಲೂ ಉಳಿಯುತ್ತದೆ.

6ನೇ ಸೆಕ್ಷನ್ ಬಿದ್ದದ್ದು ಇದಕ್ಕಿಂತ ಬೇರೆ ಕಾರಣಕ್ಕೆ, ಮತ್ತು ಶಾಸನ ಬರೆಯುವವರು ಹೆಚ್ಚು ಕಲಿಯಬೇಕಾದದ್ದು ಇಲ್ಲಿಯೇ. ಸಾರ್ವಜನಿಕ ಪ್ರಾಧಿಕಾರ ಏನು ಮಾಡಿದರೂ ಅದು ಒಡಂಬಡಿಕೆಗೆ ಹೊಂದಬೇಕು ಎಂದು ಆ ಸೆಕ್ಷನ್ ಯಾವ ಮಿತಿಯನ್ನೂ ಹೇಳದೆ ಬರೆದಿತ್ತು. ವಲಸೆ, ರಕ್ಷಣೆಯಂಥ ಮೀಸಲು ವಿಷಯಗಳೂ ಆ ಮಾತಿನೊಳಕ್ಕೆ ಬಂದುಬಿಡುತ್ತಿದ್ದವು. ಅದು ಅತಿಯಾಯಿತು ಎಂಬುದನ್ನು ಸ್ಕಾಟಿಷ್ ಸರ್ಕಾರವೂ ಒಪ್ಪಿತ್ತು. ಅದು ನಂಬಿಕೊಂಡದ್ದು ಸ್ಕಾಟ್ಲೆಂಡ್ ಕಾಯ್ದೆಯ 101ನೇ ಸೆಕ್ಷನ್ ಅನ್ನು: ಅಧಿಕಾರ ಮೀರಿದಂತೆ ಕಾಣುವ ಮಾತನ್ನು, ಅಧಿಕಾರದೊಳಗೆ ಬರುವಷ್ಟು ಸಂಕುಚಿತವಾಗಿ ಓದಬೇಕು ಎನ್ನುವ ಸೆಕ್ಷನ್ ಅದು. ಅಗಲವಾಗಿ ಬರೆದಿಡೋಣ, ಕೋರ್ಟುಗಳು ಪ್ರಕರಣಕ್ಕೆ ತಕ್ಕಂತೆ ಕಿರಿದು ಮಾಡಿಕೊಳ್ಳಲಿ ಎಂಬುದು ಲೆಕ್ಕಾಚಾರ. ಕೋರ್ಟ್ ಒಪ್ಪಲಿಲ್ಲ. 101ನೇ ಸೆಕ್ಷನ್ ಇರುವುದು ಬರೆಯುವಾಗ ಆದ ಎಡವಟ್ಟನ್ನು ಸರಿಪಡಿಸಿಕೊಳ್ಳಲು, ಗೊತ್ತಿದ್ದೂ ಗಡಿ ದಾಟಿ ಬರೆದುದಕ್ಕೆ ರಕ್ಷೆ ಕೊಡಲು ಅಲ್ಲ. ಅಚ್ಚಾದ ಕಾನೂನು ಒಂದು ಹೇಳಿ, ನಿಜವಾದ ಕಾನೂನು ಇನ್ನೊಂದಾಗಿದ್ದರೆ, ಅದನ್ನು ಪಾಲಿಸಬೇಕಾದ ಶಾಲೆ, ಆಸ್ಪತ್ರೆ, ನಗರಸಭೆಗಳಿಗೆ ತಮ್ಮ ಕರ್ತವ್ಯ ಏನೆಂದು ತಿಳಿಯುವುದಾದರೂ ಹೇಗೆ?

ರಿಪೇರಿ ಮತ್ತು ಅದಕ್ಕೆ ತೆತ್ತ ಬೆಲೆ

ತೀರ್ಪು ಬಂದ ಮೇಲೂ ಮಸೂದೆ ಸಾಯಲಿಲ್ಲ. ಸ್ಕಾಟ್ಲೆಂಡ್ ಕಾಯ್ದೆಯಲ್ಲೇ "ಮರುಪರಿಶೀಲನೆ" ಎಂಬ ಹಂತವಿದೆ. ಹೊಸ ಮಸೂದೆ ತರದೆ, ಇದ್ದುದನ್ನೇ ತಿದ್ದಿ ಮತ್ತೆ ಅಂಗೀಕರಿಸಬಹುದು. ಅದಕ್ಕೆ ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. 2023ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಸಮಿತಿ ಬ್ರಿಟನ್ನಿನ ವರದಿಯನ್ನು ಪರಿಶೀಲಿಸಿ, ಒಡಂಬಡಿಕೆಯನ್ನು ದೇಶದ ಕಾನೂನಿಗೆ ಅಳವಡಿಸುವ ಕೆಲಸ ಬೇಗ ಆಗಬೇಕು ಎಂದಿತು. ಡಿಸೆಂಬರ್ 7ರಂದು ತಿದ್ದಿದ ಮಸೂದೆಗೆ ಮತ್ತೆ ಸರ್ವಾನುಮತ. ಈ ಬಾರಿ ಲಂಡನ್ ಕೋರ್ಟಿಗೆ ಹೋಗಲಿಲ್ಲ. 2024ರ ಜನವರಿ 16ಕ್ಕೆ ರಾಜಾಂಕಿತ, ಆರು ತಿಂಗಳ ನಂತರ ಜಾರಿ.

ತಿದ್ದುಪಡಿಯ ತಿರುಳು ಇಷ್ಟು: 6ನೇ ಸೆಕ್ಷನ್‌ನ ಕರ್ತವ್ಯ ಈಗ ಪ್ರಾಧಿಕಾರದ ಪ್ರತಿಯೊಂದು ಕೆಲಸಕ್ಕೂ ತಗಲುವುದಿಲ್ಲ. ಆ ಕೆಲಸ ಮಾಡುವ ಅಧಿಕಾರ ಸ್ಕಾಟಿಷ್ ಸಂಸತ್ತಿನ ಕಾಯ್ದೆಯಿಂದಲೋ, ಲಿಖಿತ ಶಾಸನದಿಂದ ಹುಟ್ಟದ ಸಾಮಾನ್ಯ ಕಾನೂನಿನಿಂದಲೋ ಬಂದಿದ್ದರೆ ತಗಲುತ್ತದೆ. ಬ್ರಿಟನ್ ಸಂಸತ್ತಿನ ಕಾಯ್ದೆಯಿಂದ ಬಂದಿದ್ದರೆ, ವಿಷಯ ಎಡಿನ್‌ಬರೊಗೆ ಬಿಟ್ಟುಕೊಟ್ಟದ್ದೇ ಆಗಿದ್ದರೂ, ಇಲ್ಲ. ಅರ್ಥೈಸುವ, ಅಸಿಂಧುಗೊಳಿಸುವ, ಘೋಷಿಸುವ ಅಧಿಕಾರಗಳಿಂದಲೂ ಬ್ರಿಟನ್ ಕಾಯ್ದೆಗಳು ಹೊರಗೆ.

ಕಾಗದದ ಮೇಲೆ ಇದು ಅಚ್ಚುಕಟ್ಟಾದ ಗಡಿ. ಹದಿನಾಲ್ಕು ವರ್ಷದ ಒಬ್ಬ ಹುಡುಗನನ್ನು ಊಹಿಸಿಕೊಂಡು ನೋಡಿದರೆ ಗಡಿ ಎಲ್ಲೆಲ್ಲಿ ಹಾದುಹೋಗುತ್ತದೆ ಎಂಬುದು ಗೊತ್ತಾಗುತ್ತದೆ. ಅವನಿಗೆ ಕಲಿಕೆಯಲ್ಲಿ ಹೆಚ್ಚುವರಿ ನೆರವು ಬೇಕು. ಆ ನೆರವನ್ನು ಸ್ಥಳೀಯ ಆಡಳಿತ ಕೊಡಬೇಕಾದದ್ದು 2004ರ ಹೆಚ್ಚುವರಿ ಕಲಿಕಾ ನೆರವು ಕಾಯ್ದೆಯಡಿ. ಅದು ಸ್ಕಾಟಿಷ್ ಕಾಯ್ದೆ. ನೆರವು ಕೊಡದೆ ಸತಾಯಿಸಿದರೆ ಒಡಂಬಡಿಕೆಯಲ್ಲಿ ಶಿಕ್ಷಣದ ಬಗೆಗಿನ 28 ಮತ್ತು 29ನೇ ವಿಧಿ, ಅಂಗವೈಕಲ್ಯವಿದ್ದರೆ 23ನೇ ವಿಧಿ ಹಿಡಿದು ನೇರವಾಗಿ ಪ್ರಶ್ನಿಸಬಹುದು. ನೆರವು ಸಿಗದ ಕಾರಣಕ್ಕೇ ತರಗತಿಯಲ್ಲಿ ಗಲಾಟೆಯಾಗಿ ಶಾಲೆ ಅವನನ್ನು ಹೊರಹಾಕಿತು ಎನ್ನಿ. ಹೊರಹಾಕುವ ಅಧಿಕಾರ ಇರುವುದು 1975ರ ಶಾಲಾ ನಿಯಮಾವಳಿಯ 4ನೇ ನಿಯಮದಲ್ಲಿ. ಅದರ ಬೇರು ಬ್ರಿಟನ್ ಸಂಸತ್ತಿನ ಕಾಯ್ದೆಯಲ್ಲಿ, ಮೇಲ್ಮನವಿಯ ದಾರಿ ಇರುವುದು 1980ರ ಕಾಯ್ದೆಯಲ್ಲಿ. ಆ ನಿರ್ಧಾರಕ್ಕೆ 6ನೇ ಸೆಕ್ಷನ್ ತಗಲುವುದಿಲ್ಲ. ಅದೇ ಹುಡುಗ, ಅದೇ ಶಾಲೆ, ಅದೇ ವಾರ. ಒಂದು ಕಡತಕ್ಕೆ ಒಡಂಬಡಿಕೆ ಅನ್ವಯಿಸುತ್ತದೆ, ಪಕ್ಕದ ಕಡತಕ್ಕೆ ಇಲ್ಲ.

ಪಾಲನಾಗೃಹದಲ್ಲಿರುವ ಮಗುವಿನ ವಿಷಯದಲ್ಲೂ ಇದೇ ಕಥೆ. ಮಗುವನ್ನು ಕಡ್ಡಾಯ ನಿಗಾಕ್ಕೆ ಒಪ್ಪಿಸುವ ಆದೇಶ ಬರುವುದು 2011ರ ಮಕ್ಕಳ ವಿಚಾರಣಾ ಕಾಯ್ದೆಯಡಿ, ಅದು ಸ್ಕಾಟಿಷ್ ಕಾಯ್ದೆ. ಒಪ್ಪಿಸಿದ ಮೇಲೆ ಆ ಮಗುವನ್ನು ಹೇಗೆ ನೋಡಿಕೊಳ್ಳಬೇಕು, ಅದರ ಅಭಿಪ್ರಾಯ ಹೇಗೆ ಕೇಳಬೇಕು ಎಂಬ ಸ್ಥಳೀಯ ಆಡಳಿತದ ಮೂಲ ಕರ್ತವ್ಯ ಇರುವುದು 1995ರ ಮಕ್ಕಳ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ, ಅದು ಬ್ರಿಟನ್ ಕಾಯ್ದೆ.

ಒಂದು ಪ್ರಕರಣವನ್ನು ಕೈಗೆತ್ತಿಕೊಂಡಾಗ

ಈ ಕಾಯ್ದೆಯಡಿ ಬರುವ ದೂರನ್ನು ಪರಿಶೀಲಿಸುವಾಗ ಅನೇಕರು ಮೊದಲು ಹುಡುಕುವುದು ಯಾವ ವಿಧಿಯ ಉಲ್ಲಂಘನೆ ಎಂಬುದನ್ನು. ಅದು ಉಲ್ಟಾ ಕ್ರಮ. ಮೊದಲು ಕೇಳಬೇಕಾದದ್ದು: ಪ್ರಾಧಿಕಾರ ಯಾವ ಶಾಸನದ ಯಾವ ಸೆಕ್ಷನ್ ಬಳಸಿ ಹೀಗೆ ಮಾಡಿತು? ನಿರ್ಧಾರದ ಪತ್ರದಲ್ಲಿ ಅದು ಬರೆದಿರುವುದಿಲ್ಲ ಎಂಬುದೇ ಸಾಮಾನ್ಯ ಅನುಭವ. "ನಮ್ಮ ನೀತಿಯ ಪ್ರಕಾರ" ಎಂದಿರುತ್ತದೆ. ನೀತಿಗೆ ಅಧಿಕಾರ ಎಲ್ಲಿಂದ ಬಂತು ಎಂದು ಲಿಖಿತವಾಗಿ ಕೇಳಿ ಉತ್ತರ ಪಡೆದಿಟ್ಟುಕೊಳ್ಳುವುದು ಮುಂದಿನ ಎಲ್ಲ ಹೆಜ್ಜೆಗೂ ಆಧಾರ. ಒಂದೇ ನಿರ್ಧಾರಕ್ಕೆ ಎರಡು ಕಾಯ್ದೆಗಳ ಬೆಂಬಲ ಇರುವುದುಂಟು. ಆಗ ಸ್ಕಾಟಿಷ್ ಕಾಯ್ದೆಯ ಎಳೆಯನ್ನು ಬೇರ್ಪಡಿಸಿ ಹಿಡಿದುಕೊಳ್ಳಬೇಕು.

ಆಮೇಲೆ ದಿನಾಂಕ. 2024ರ ಜುಲೈ 16ಕ್ಕಿಂತ ಮುಂಚೆ ಮುಗಿದುಹೋದ ನಿರ್ಧಾರಕ್ಕೆ ಈ ಕರ್ತವ್ಯ ಹಿಂದಕ್ಕೆ ಹೋಗುವುದಿಲ್ಲ. ಆಮೇಲೆ, ನಡೆಸಿದವರು ಯಾರು? ಖಾಸಗಿ ಸಂಸ್ಥೆಯೂ ಸಾರ್ವಜನಿಕ ಸ್ವರೂಪದ ಕೆಲಸ ಮಾಡುತ್ತಿದ್ದರೆ, ಉದಾಹರಣೆಗೆ ಸ್ಥಳೀಯ ಆಡಳಿತದ ಗುತ್ತಿಗೆಯ ಮೇಲೆ ಪಾಲನಾಗೃಹ ನಡೆಸುತ್ತಿದ್ದರೆ, ಅದೂ ಸಾರ್ವಜನಿಕ ಪ್ರಾಧಿಕಾರವೇ. ಇಷ್ಟಾದ ಮೇಲೆ ವಿಧಿ. ಅದು ಅನುಸೂಚಿಯಲ್ಲಿ ಇದೆಯೇ, ಇದ್ದರೆ ಪೂರ್ತಿ ಇದೆಯೇ ಎಂದು ಒಮ್ಮೆ ಸಾಲುಸಾಲಾಗಿ ನೋಡಲೇಬೇಕು.

ವಿಧಿಯ ಅರ್ಥಕ್ಕೆ ಬಂದರೆ, ವಿಶ್ವಸಂಸ್ಥೆಯ ಸಮಿತಿಯ ಸಾಮಾನ್ಯ ವ್ಯಾಖ್ಯಾನಗಳು, ದೇಶಗಳ ಬಗೆಗಿನ ಅಂತಿಮ ಅಭಿಪ್ರಾಯಗಳನ್ನು ಕೋರ್ಟ್ ಗಣನೆಗೆ ತೆಗೆದುಕೊಳ್ಳಬಹುದು ಎಂದು ಕಾಯ್ದೆ ಹೇಳುತ್ತದೆ. ತೆಗೆದುಕೊಳ್ಳಲೇಬೇಕು ಎಂದಿಲ್ಲ. ಕ್ರಿಮಿನಲ್ ಹೊಣೆಗಾರಿಕೆಯ ವಯಸ್ಸು ಕನಿಷ್ಠ 14 ಇರಬೇಕು ಎಂದು ಸಮಿತಿ 2019ರ 24ನೇ ಸಾಮಾನ್ಯ ವ್ಯಾಖ್ಯಾನದಲ್ಲಿ ಹೇಳಿದೆ. ಸ್ಕಾಟ್ಲೆಂಡ್‌ನಲ್ಲಿ ಅದು 12. ಈ ವ್ಯಾಖ್ಯಾನವನ್ನು ಕೋರ್ಟಿನ ಮುಂದಿಟ್ಟು ವಾದಿಸಬಹುದು. ವ್ಯಾಖ್ಯಾನವೇ ಕಾನೂನು ಎಂಬಂತೆ ವಾದಿಸಿದರೆ ನಿಲ್ಲುವುದಿಲ್ಲ.

ಕಾಲಮಿತಿ ಒಂದು ವರ್ಷ. ಆದರೆ ದಾವೆ ಹೂಡುವವರಿಗೆ 18 ತುಂಬುವವರೆಗಿನ ಸಮಯ ಲೆಕ್ಕಕ್ಕೆ ಬರುವುದಿಲ್ಲ. ಮಗುವಾಗಿದ್ದಾಗ ಆದ ಅನ್ಯಾಯಕ್ಕೆ ದೊಡ್ಡವರಾದ ಮೇಲೆ ಕೋರ್ಟಿಗೆ ಹೋಗಲು ಉಳಿಸಿಕೊಟ್ಟ ದಾರಿ ಅದು, ಮಸೂದೆಯ ಒಳ್ಳೆಯ ಅಂಶಗಳಲ್ಲೊಂದು. ಪರಿಹಾರವಾಗಿ ಕೋರ್ಟ್ ತನ್ನ ಅಧಿಕಾರದೊಳಗಿನ, ನ್ಯಾಯವೂ ಸೂಕ್ತವೂ ಅನಿಸಿದ ಆದೇಶ ಕೊಡಬಹುದು. ಹಣದ ರೂಪದ ಪರಿಹಾರ ಬೇಕಾದರೆ, ಅದಿಲ್ಲದೆ ನ್ಯಾಯ ಪೂರ್ಣವಾಗದು ಎಂದು ತೋರಿಸಬೇಕು. ಕರ್ತವ್ಯ ಮುರಿದದ್ದು ಅಪರಾಧವಲ್ಲ, ಯಾರೂ ಜೈಲಿಗೆ ಹೋಗುವುದಿಲ್ಲ. ಮಗುವಿನ ಬಳಿ ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ? ಸ್ಕಾಟ್ಲೆಂಡ್‌ನ ಮಕ್ಕಳ ಮತ್ತು ಯುವಜನರ ಆಯುಕ್ತರು ತಾವೇ ದಾವೆ ಹೂಡಬಹುದು, ಬೇರೆಯವರ ದಾವೆಯಲ್ಲಿ ಮಧ್ಯಪ್ರವೇಶಿಸಬಹುದು. ಮಾನವ ಹಕ್ಕುಗಳ ಆಯೋಗಕ್ಕೂ ಆ ಅಧಿಕಾರವಿದೆ.

ಜಿನೀವಾಕ್ಕೆ ನೇರ ದೂರು ಕೊಡುವ ದಾರಿ ಮಾತ್ರ ಮುಚ್ಚಿದೆ. ಆ ದಾರಿ ಇರುವುದು 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೂರನೇ ಐಚ್ಛಿಕ ಪ್ರೋಟೊಕಾಲ್‌ನಲ್ಲಿ. ಬ್ರಿಟನ್ ಅದನ್ನು ಅನುಮೋದಿಸಿಲ್ಲ. ಅನುಮೋದಿಸುವುದು ಎಡಿನ್‌ಬರೊದ ಕೈಯಲ್ಲಿಲ್ಲ.

ನಿರ್ಧಾರ ಬ್ರಿಟನ್ ಕಾಯ್ದೆಯ ಅಡಿಯದ್ದೇ ಎಂದು ಖಚಿತವಾದರೆ ಕೈಚೆಲ್ಲಬೇಕಿಲ್ಲ. 2021ಕ್ಕೆ ಮುಂಚಿನ ಹಿಂಬಾಗಿಲುಗಳು ಹಾಗೆಯೇ ಇವೆ: ಯುರೋಪಿಯನ್ ಒಡಂಬಡಿಕೆಯ 8ನೇ ವಿಧಿ, ಶಿಕ್ಷಣದ ವಿಷಯವಾದರೆ ಅದರ ಮೊದಲ ಪ್ರೋಟೊಕಾಲ್‌ನ 2ನೇ ವಿಧಿ, ಅಂಗವೈಕಲ್ಯದ ತಾರತಮ್ಯವಾದರೆ 2010ರ ಸಮಾನತಾ ಕಾಯ್ದೆ. ಮೇಲೆ ಹೇಳಿದ ಹುಡುಗನನ್ನು ಶಾಲೆಯಿಂದ ಹೊರಹಾಕಿದ್ದಕ್ಕೆ ಬಹುಶಃ ಕೊನೆಯದೇ ಹೆಚ್ಚು ಉಪಯೋಗಕ್ಕೆ ಬಂದೀತು. ಜೊತೆಗೆ ನೆರವು ಕೊಡದ 2004ರ ಕಾಯ್ದೆಯ ಎಳೆಯನ್ನು 6ನೇ ಸೆಕ್ಷನ್‌ಗೆ ಕಟ್ಟಿದರೆ, ಹೊರಹಾಕಿದ ಹಿನ್ನೆಲೆಯೂ ಕೋರ್ಟಿನ ಮುಂದೆ ಬರುತ್ತದೆ.

ಉಳಿದದ್ದು ಶಾಸನ ಬರೆಯುವವರ ಕೆಲಸ. ಕಾಯ್ದೆ ಬಂದ ಮೇಲೆ ಸ್ಕಾಟಿಷ್ ಮಸೂದೆಗಳ ಜೊತೆ ಒಡಂಬಡಿಕೆಗೆ ಹೊಂದುವ ಬಗ್ಗೆ ಹೇಳಿಕೆ ಇರಬೇಕು, ಮಕ್ಕಳ ಹಕ್ಕುಗಳ ಮೇಲಿನ ಪರಿಣಾಮದ ಅಂದಾಜು ಆಗಬೇಕು, ಪಟ್ಟಿಯಲ್ಲಿರುವ ಪ್ರಾಧಿಕಾರಗಳು ಮೂರು ವರ್ಷಕ್ಕೊಮ್ಮೆ ವರದಿ ಕೊಡಬೇಕು. ಆದರೆ 1980 ಮತ್ತು 1995ರ ಕಾಯ್ದೆಗಳನ್ನು ಒಡಂಬಡಿಕೆಯ ವ್ಯಾಪ್ತಿಗೆ ತರಲು ಎಡಿನ್‌ಬರೊದ ಕೈಯಲ್ಲಿರುವ ದಾರಿ ಒಂದೇ: ಅವುಗಳಲ್ಲಿರುವ ಅಧಿಕಾರ, ಕರ್ತವ್ಯಗಳನ್ನು ಸ್ಕಾಟಿಷ್ ಸಂಸತ್ತಿನ ಕಾಯ್ದೆಯಾಗಿ ಹೊಸದಾಗಿ ಮಾಡಿ, ಹಳೆಯದನ್ನು ರದ್ದು ಮಾಡುವುದು. ಅದಕ್ಕೆ ಅಧಿಕಾರ ಮೊದಲಿನಿಂದಲೂ ಇದೆ, ಸುಪ್ರೀಂ ಕೋರ್ಟ್ ಅದನ್ನು ಮುಟ್ಟಿಲ್ಲ. ಮಾತು ಒಂದಕ್ಷರ ಬದಲಾಗದಿದ್ದರೂ ನಡೆಯುತ್ತದೆ. ಹೊಸ ಕಾಯ್ದೆ ಜಾರಿಗೆ ಬಂದ ದಿನದಿಂದ 6ನೇ ಸೆಕ್ಷನ್ ಅದಕ್ಕೆ ತಗಲುತ್ತದೆ.